ದಾಳಿಂಬೆ ರೋಗದ ಫೋಟೋಗಳ ಮೇಲೆ ಕೈಯಾರೆ ಗೆರೆ ಎಳೆಯುವ ಕೆಲಸ

ಬಾಗಲಕೋಟೆ ಸುತ್ತಲಿನ ದಾಳಿಂಬೆ ತೋಟಗಳ ಫೋಟೋಗಳಲ್ಲಿ ದುಂಡಾಣು ಅಂಗಮಾರಿ ಅನ್ನುವ ಬ್ಯಾಕ್ಟೀರಿಯಾ ರೋಗ ಎಲ್ಲಿದೆ ಅಂತ ಗುರುತು ಹಾಕುವ ಕೆಲಸ ನನ್ನದು. ಮುಂದೆ ಕಂಪ್ಯೂಟರ್ ತಾನೇ ರೋಗ ಗುರುತಿಸಬೇಕು ಅಂದ್ರೆ ಮೊದಲು ಯಾರಾದರೂ ಕೂತು ತೋರಿಸಿಕೊಡಬೇಕು ಅಲ್ವಾ.

ಈ ರೋಗಕ್ಕೆ ಚೌಕ ಹಾಕಿದರೆ ಸಾಲದು. ಎಲೆಯ ಮೇಲಿನ ಚುಕ್ಕೆಯ ಅಂಚು ಸೊಟ್ಟಸೊಟ್ಟ ಇರುತ್ತದೆ. ಕಾಯಿಯ ಮೇಲೆ ಇಂಗ್ಲಿಷಿನ ಎಲ್ ಅಥವಾ ವೈ ಅಕ್ಷರದ ಹಾಗೆ ಬಿರುಕು ಬಿಡುತ್ತದೆ, ಅದರ ಸುತ್ತ ಚೌಕ ಎಳೆದರೆ ಒಳಗೆ ಸಿಗುವುದು ಜಾಸ್ತಿ ಒಳ್ಳೆಯ ಸಿಪ್ಪೆಯೇ. ಹಾಗಾಗಿ ನಾನು ಫೋಟೋ ಮೇಲೆ ಗುರುತು ಹಾಕುವ ಸಿವಿಎಟಿ ಅನ್ನುವ ತಂತ್ರಾಂಶ ಬಳಸುತ್ತೇನೆ. ಅದರಲ್ಲಿ ಪಾಲಿಗಾನ್ (ಬಿಂದುಗಳನ್ನು ಜೋಡಿಸಿ ಅಂಚು ಎಳೆಯುವ ಸಾಧನ) ಆರಿಸಿ, ಶಿಫ್ಟ್ ಒತ್ತಿ ಹಿಡಿದು ಮೌಸ್ ಸರಿಸುತ್ತಾ ಹೋದರೆ ಬಿಂದುಗಳು ತಾವೇ ಬೀಳುತ್ತವೆ. ಬಿರುಕಿಗೆ ಮಾತ್ರ ಸಣ್ಣ ಬ್ರಷ್ ಒಳ್ಳೆಯದು.

ಗೆರೆ ಎಳೆಯುವ ಮೊದಲು ಝೂಮ್ ಮಾಡಿ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆ. ಚುಕ್ಕೆ 10 ಪಿಕ್ಸೆಲ್ (ಫೋಟೋದ ಅತಿ ಸಣ್ಣ ಬಣ್ಣದ ಚೂರು) ಅಗಲ ಇದೆ ಅಂದುಕೊಳ್ಳಿ, ಗೆರೆ ಸುತ್ತಲೂ ಒಂದೇ ಒಂದು ಪಿಕ್ಸೆಲ್ ಒಳಗೆ ಬಿದ್ದರೆ ಅದರ ಜಾಗದಲ್ಲಿ ಶೇ. 36 ಹೋಯಿತು. 100 ಪಿಕ್ಸೆಲ್ ಅಗಲದ ಚುಕ್ಕೆಯಲ್ಲಿ ಅದೇ ತಪ್ಪಿಗೆ ಹೋಗುವುದು ಸುಮಾರು ಶೇ. 4 ಮಾತ್ರ. ಅದಕ್ಕೇ ತೋಟದಲ್ಲಿ ಹತ್ತಿರದಿಂದ ಫೋಟೋ ತೆಗೆಯಿರಿ ಅಂತ ಎಲ್ಲರಿಗೂ ಕೇಳಿಕೊಳ್ಳುತ್ತೇನೆ.

ಕೈಯಿಂದ ಎಳೆದ ಗೆರೆಯಲ್ಲಿ ಬೇಡದ ಬಿಂದುಗಳು ರಾಶಿ ಬೀಳುತ್ತವೆ. ಅವನ್ನು ಇಳಿಸಲು 1973ರಷ್ಟು ಹಳೆಯ ಡಗ್ಲಸ್-ಪ್ಯೂಕರ್ ವಿಧಾನ ಇವತ್ತಿಗೂ ಸಾಕು, ಆದರೆ ಜಾಸ್ತಿ ಇಳಿಸಿದರೆ ಸಣ್ಣ ಚುಕ್ಕೆಗಳೆಲ್ಲ ತ್ರಿಕೋನ ಆಗಿಬಿಡುತ್ತವೆ. ಬ್ರಷ್‌ನ ಗುರುತುಗಳನ್ನು ಪಿಎನ್‌ಜಿ ಅನ್ನುವ ಚಿತ್ರದ ಫೈಲ್‌ನಲ್ಲೇ ಉಳಿಸಿ. ಜೆಪೆಗ್ ಫೈಲ್ ಆದರೆ ಅಂಚಿನ ಬಣ್ಣ ಕಲಸಿಬಿಡುತ್ತದೆ.

ನಿಜವಾದ ಕಷ್ಟ ಕೈಯದ್ದಲ್ಲ, ತೀರ್ಮಾನದ್ದು. ಕಂದು ಚುಕ್ಕೆಯ ಸುತ್ತ ಹಳದಿ ಅಂಚು ಇರುತ್ತದಲ್ಲ, ಅದು ರೋಗದ ಲೆಕ್ಕಕ್ಕೋ ಅಲ್ಲವೋ? ಒಬ್ಬರು ಸೇರಿಸಿ ಇನ್ನೊಬ್ಬರು ಬಿಟ್ಟರೆ ಕಂಪ್ಯೂಟರ್ ಏನು ಕಲಿಯಬೇಕು? ನಾವು ಹಳದಿಗೆ ಬೇರೆ ಹೆಸರು, ಬೇರೆ ಬಣ್ಣ ಇಟ್ಟೆವು. ನಿಯಮವನ್ನು ಮಾದರಿ ಫೋಟೋ ಸಮೇತ ಬರೆದು ಗೋಡೆಗೆ ಅಂಟಿಸಿದೆವು. ಒಂದೇ ಫೋಟೋಗೆ ಇಬ್ಬರು ಬೇರೆಬೇರೆಯಾಗಿ ಗೆರೆ ಎಳೆದು, ಒಂದರ ಮೇಲೊಂದು ಇಟ್ಟು ನೋಡುತ್ತೇವೆ. ಹೊಂದದಿದ್ದರೆ ಮೊದಲು ನಿಯಮ ತಿದ್ದುತ್ತೇವೆ, ಆಮೇಲೆ ಗೆರೆ.

ಇಬ್ಬರಿಗೂ ಗೊತ್ತಾಗದ ಚುಕ್ಕೆಗೆ ‘ಅನುಮಾನ’ ಅಂತ ಹೆಸರು ಕೊಟ್ಟು ಪಕ್ಕಕ್ಕಿಡುತ್ತೇವೆ. ಸುಮ್ನೆ ಊಹಿಸಿ ಬಣ್ಣ ತುಂಬುವುದಿಲ್ಲ. ಅವನ್ನು ದಾಳಿಂಬೆ ಬೆಳೆಯುವವರಿಗೆ ತೋರಿಸಿ ಕೇಳುತ್ತೇವೆ.