ಡೆಲ್ಫ್ಟ್‌ನಲ್ಲಿ ವರ್ಮೀರನನ್ನು ನೋಡುವುದು ಹೇಗೆ?

ಮುತ್ತಿನೋಲೆಯ ಹುಡುಗಿಯ ಚಿತ್ರ ಬರೆದ ಯೋಹಾನೆಸ್ ವರ್ಮೀರ್ 1632ರಲ್ಲಿ ಹುಟ್ಟಿ, 43 ವರ್ಷ ಬದುಕಿ, 1675ರಲ್ಲಿ ಮಣ್ಣಾದದ್ದು ನೆದರ್ಲೆಂಡ್ಸ್‌ನ ಡೆಲ್ಫ್ಟ್ ಎಂಬ ಸಣ್ಣ ನಗರದಲ್ಲಿ. ಆ ನಗರದಲ್ಲಿ ಇಂದು ಅವನ ಒಂದೇ ಒಂದು ಮೂಲ ಚಿತ್ರವೂ ಇಲ್ಲ. ಗುಂಪು ಪ್ರವಾಸದ ಪಟ್ಟಿಯಲ್ಲಿ ‘ವರ್ಮೀರನ ಊರು’ ಎಂಬ ಸಾಲನ್ನು ನಂಬಿ ಹಣ ಕಟ್ಟಿದವರು ಬಸ್ಸಿನಿಂದ ಇಳಿದು, ಚೌಕದಲ್ಲಿ ಫೋಟೊ ತೆಗೆಸಿಕೊಂಡು, ನೀಲಿ ಪಿಂಗಾಣಿಯ ಅಂಗಡಿ ಹೊಕ್ಕು ಹೊರಬಂದು, ‘ಆ ಹುಡುಗಿಯ ಚಿತ್ರ ಎಲ್ಲಿದೆ?’ ಎಂದು ಕೇಳುವ ಹೊತ್ತಿಗೆ ಬಸ್ಸು ಹೊರಡಲು ಸಿದ್ಧವಾಗಿರುವುದನ್ನು ನಾನು ಹಲವು ಸಲ ನೋಡಿದ್ದೇನೆ. ಈ ಪ್ರವಾಸ ಕೆಡುವುದು ಹಣದ ಕೊರತೆಯಿಂದಲ್ಲ, ನೋಡುವ ಕ್ರಮ ತಪ್ಪುವುದರಿಂದ.

ವೀಸಾ, ವಿಮಾನ, ವಸತಿ

ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮೊದಲಿನಿಂದಲೇ ಅರ್ಜಿ ಹಾಕಬಹುದು. ಬೇಸಿಗೆಯಲ್ಲಿ ಹೋಗುವವರು ತಡಮಾಡಬಾರದು. ಆಮ್‌ಸ್ಟರ್‌ಡ್ಯಾಮಿನಿಂದ ಡೆಲ್ಫ್ಟ್‌ಗೆ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಆಮ್‌ಸ್ಟರ್‌ಡ್ಯಾಮಿನಲ್ಲಿ ಕೋಣೆ ಹಿಡಿದು ಡೆಲ್ಫ್ಟ್‌ಗೆ ಹಗಲು ಹೋಗಿಬರುವ ಯೋಜನೆಯನ್ನು ಕೈಬಿಡಿ, ಡೆಲ್ಫ್ಟ್‌ನಲ್ಲಿಯೇ ಕನಿಷ್ಠ ಎರಡು ರಾತ್ರಿ ತಂಗಿ. ಬೆಳಗ್ಗೆ ಎಂಟಕ್ಕೆ ಎಲ್ಲಿ ನಿಂತಿರಬೇಕು ಎಂಬುದನ್ನು ಓದಿದ ಮೇಲೆ ಇದರ ಕಾರಣ ತಿಳಿಯುತ್ತದೆ.

ವಾರದ ದಿನವನ್ನು ಆರಿಸುವುದರಲ್ಲಿಯೂ ಲೆಕ್ಕಾಚಾರವಿದೆ. ಭಾನುವಾರ ಡೆಲ್ಫ್ಟ್‌ನ ಹಳೆಯ ಚರ್ಚ್, ಹೊಸ ಚರ್ಚ್ ಎಂಬ ಎರಡೂ ದೊಡ್ಡ ಚರ್ಚುಗಳಲ್ಲಿ ಪ್ರಾರ್ಥನೆ ನಡೆಯುವುದರಿಂದ ಪ್ರವಾಸಿಗರಿಗೆ ಪ್ರವೇಶವಿರುವುದಿಲ್ಲ. ಆ ಹುಡುಗಿಯ ಚಿತ್ರವಿರುವ, ಪಕ್ಕದ ನಗರ ದಿ ಹೇಗ್‌ನ ಮೌರಿಟ್ಸ್‌ಹೌಸ್ ಮ್ಯೂಸಿಯಂ ಸೋಮವಾರ ಮಧ್ಯಾಹ್ನದ ಮೇಲೆಯೇ ಬಾಗಿಲು ತೆರೆಯುತ್ತದೆ. ಗುರುವಾರ ಡೆಲ್ಫ್ಟ್‌ನ ಚೌಕದ ತುಂಬ ಸಂತೆ. ಚೀಸ್ ಕೊಳ್ಳಲು ಒಳ್ಳೆಯ ದಿನ, ಕಟ್ಟಡ ನೋಡಲು ಕೆಟ್ಟ ದಿನ. ಮಂಗಳವಾರ ಹೇಗ್, ಬುಧವಾರ ಡೆಲ್ಫ್ಟ್ ಎಂದು ಇಟ್ಟುಕೊಂಡರೆ ಈ ಮೂರೂ ತೊಡಕುಗಳು ತಪ್ಪುತ್ತವೆ.

ಮಾರ್ಗದರ್ಶಿಯ ಪರೀಕ್ಷೆ

ಹಣ ಕಟ್ಟುವ ಮೊದಲು ಮಾರ್ಗದರ್ಶಿಗೆ ಒಂದೇ ಪ್ರಶ್ನೆ ಕೇಳಿ: ಡೆಲ್ಫ್ಟ್‌ನಲ್ಲಿ ವರ್ಮೀರನ ಎಷ್ಟು ಚಿತ್ರಗಳನ್ನು ತೋರಿಸುತ್ತೀರಿ? ‘ಎಲ್ಲವನ್ನೂ’ ಎಂದವರು ವೋಲ್ಡರ್ಸ್‌ಖ್ರಾಖ್ಟ್ ಕಾಲುವೆಯ ಬದಿಯ ವರ್ಮೀರ್ ಕೇಂದ್ರಕ್ಕೆ ಕರೆದೊಯ್ಯುತ್ತಾರೆ. ಅಲ್ಲಿರುವುದು 37 ಚಿತ್ರಗಳ ಪ್ರತಿಗಳು, ಮೂಲದ ಅಳತೆಯಲ್ಲಿ. ಈ ಕೇಂದ್ರ ನಿಷ್ಪ್ರಯೋಜಕವೇನೂ ಅಲ್ಲ. ಚಿತ್ರಗಳು ಎಷ್ಟು ಚಿಕ್ಕವು ಎಂಬುದು ಅಲ್ಲಿ ಚೆನ್ನಾಗಿ ಮನದಟ್ಟಾಗುತ್ತದೆ. ಆದರೆ ಅದನ್ನು ಮಳೆ ಬಂದಾಗಿನ ಒಂದು ಗಂಟೆಗೆ ಮೀಸಲಿಡಿ. ‘ಒಂದೂ ಇಲ್ಲ, ಅದಕ್ಕಾಗಿ ಮೊದಲು ಹೇಗ್‌ಗೆ ಹೋಗೋಣ’ ಎನ್ನುವವರು ಸಿಕ್ಕರೆ ಅವರನ್ನೇ ಗೊತ್ತುಮಾಡಿ. ಗುಂಪಿನಲ್ಲಿ ಎಂಟಕ್ಕಿಂತ ಹೆಚ್ಚು ಜನರಿದ್ದರೆ ನಾನಂತೂ ಸೇರುವುದಿಲ್ಲ, ಏಕೆಂದರೆ ಅರ್ಧ ಮೀಟರ್ ಎತ್ತರವೂ ಇಲ್ಲದ ಚಿತ್ರದ ಮುಂದೆ ಇಪ್ಪತ್ತು ಜನ ನಿಂತರೆ ಹಿಂದಿನವರಿಗೆ ಮುಂದಿನವರ ತಲೆ ಮಾತ್ರ ಕಾಣುತ್ತದೆ.

ಮೊದಲು ಚಿತ್ರ, ಆಮೇಲೆ ಊರು

ಡೆಲ್ಫ್ಟ್‌ನಿಂದ ಹೇಗ್‌ಗೆ ರೈಲಿನಲ್ಲಿ ಕಾಲು ಗಂಟೆ ಸಾಕು. ಮೌರಿಟ್ಸ್‌ಹೌಸ್‌ಗೆ ಮುಂಚಿತವಾಗಿಯೇ ಸಮಯ ಕಾದಿರಿಸಿ, ಚಿತ್ರಗಳು ಬೇರೆ ದೇಶದ ಪ್ರದರ್ಶನಕ್ಕೆ ಹೋಗಿಲ್ಲವೆಂಬುದನ್ನು ಅವರ ಜಾಲತಾಣದಲ್ಲಿ ಖಚಿತಪಡಿಸಿಕೊಳ್ಳಿ. ಒಳಗೆ ಹೋದೊಡನೆ ಎಲ್ಲರೂ ಹುಡುಗಿಯ ಮುಂದೆ ಮುಗಿಬೀಳುತ್ತಾರೆ. 1881ರ ಹರಾಜಿನಲ್ಲಿ ಎರಡು ಗಿಲ್ಡರ್ ಮತ್ತು ಕೆಲವು ಸೆಂಟ್‌ಗಳಿಗೆ ಬಿಕರಿಯಾದ ಆ ಚಿತ್ರವನ್ನು ಅವಶ್ಯವಾಗಿ ನೋಡಿ, ಆದರೆ ನಿಮ್ಮ ಸಮಯದ ದೊಡ್ಡ ಪಾಲನ್ನು 1660ರ ಸುಮಾರಿಗೆ ಬರೆದ ‘ಡೆಲ್ಫ್ಟ್‌ನ ನೋಟ’ಕ್ಕೆ ಕೊಡಿ. ಮರುದಿನ ನೀವು ಕಾಲಿಡಲಿರುವುದು ಈ ಚಿತ್ರದೊಳಗೆ.

ಇದನ್ನು ಅವಸರದಲ್ಲಿ ನೋಡಬಾರದು. ಮೊದಲು ದೂರದಿಂದ ಬೆಳಕನ್ನು ಗಮನಿಸಿ: ಮೇಲಿನ ಕಪ್ಪು ಮೋಡದ ಕೆಳಗೆ ಮುಂದಿನ ಕೋಟೆಬಾಗಿಲುಗಳು ನೆರಳಿನಲ್ಲಿವೆ, ಹಿಂದಿರುವ ಹೊಸ ಚರ್ಚಿನ ಗೋಪುರದ ಮೇಲೆ ಬಿಸಿಲು ಬಿದ್ದಿದೆ. ಆ ಗೋಪುರದ ಕಿಂಡಿಗಳ ಮೂಲಕ ಆಕಾಶ ಕಾಣುತ್ತದೆ. ಚಿತ್ರ ಬರೆದ ದಿನಗಳಲ್ಲಿ ಅಲ್ಲಿ ಗಂಟೆಗಳಿರಲಿಲ್ಲ, ಮತ್ತು ಚಿತ್ರದ ಕಾಲವನ್ನು ವಿದ್ವಾಂಸರು ಅಂದಾಜು ಮಾಡಲು ಇದೂ ಒಂದು ಆಧಾರ. ನಡುವಿನ ಸ್ಕೀಡಾಮ್ ಬಾಗಿಲಿನ ಗಡಿಯಾರವನ್ನು ಹುಡುಕಿ. ಬಲಗಡೆ ಎರಡು ಚೂಪು ಗೋಪುರಗಳಿರುವುದು ರೋಟರ್‌ಡ್ಯಾಮ್ ಬಾಗಿಲು. ಆಮೇಲೆ ಹತ್ತಿರ ಹೋಗಿ ಎಡಭಾಗದ ಕೆಂಪು ಹೆಂಚುಗಳನ್ನು ನೋಡಿ: ಅಲ್ಲಿ ಬಣ್ಣ ನಯವಾಗಿಲ್ಲ, ಉಬ್ಬುತಗ್ಗಾಗಿದೆ. ಬಲಗಡೆಯ ದೋಣಿಗಳ ಮೈಮೇಲೆ ಚುಕ್ಕಿಚುಕ್ಕಿಯಾಗಿ ಬೆಳಕಿದೆ. ಹಳೆಯ ಚರ್ಚಿನ ಗೋಪುರದ ತುದಿ ಎಡಗಡೆ ಚಾವಣಿಗಳ ಮೇಲೆ ಇಣುಕುವುದನ್ನು ಬಹುತೇಕರು ನೋಡುವುದೇ ಇಲ್ಲ.

ಹೊರಡುವ ಮೊದಲೇ ಮ್ಯೂಸಿಯಂನ ಜಾಲತಾಣದಿಂದ ಈ ಚಿತ್ರವನ್ನು ಇಳಿಸಿಕೊಂಡು ಎ4 ಹಾಳೆಯಲ್ಲಿ ಮುದ್ರಿಸಿಕೊಂಡಿರಿ. ಚೌಕದ ಅಂಗಡಿಗಳ ಅಗ್ಗದ ಪೋಸ್ಟ್‌ಕಾರ್ಡುಗಳನ್ನು ನೆಚ್ಚಬೇಡಿ. ಅವುಗಳಲ್ಲಿ ಆಕಾಶ ನೀಲಿಗಟ್ಟಿ ನೆರಳೆಲ್ಲ ಮಾಯವಾಗಿರುತ್ತದೆ. ಮೊಬೈಲಿನ ಪರದೆಯೂ ಬೇಡ, ಬೆಳಗಿನ ಬಿಸಿಲಿನಲ್ಲಿ ಅದು ಕಾಣುವುದಿಲ್ಲ.

ಹೋಯ್‌ಕಾಡೆಯಲ್ಲಿ ನಿಲ್ಲುವುದು

ವರ್ಮೀರ್ ಈ ನೋಟವನ್ನು ಕಂಡದ್ದು ಊರಿನ ದಕ್ಷಿಣಕ್ಕೆ, ಕೋಲ್ಕ್ ಎಂಬ ನೀರಿನ ಹರವಿನ ಈಚೆ ದಡದಿಂದ. ಇಂದು ಆ ದಡದ ಹೆಸರು ಹೋಯ್‌ಕಾಡೆ, ರೈಲು ನಿಲ್ದಾಣದಿಂದ ಹತ್ತು ನಿಮಿಷದ ನಡಿಗೆ. ಬಹುತೇಕ ಪ್ರವಾಸಗಳು ಇಲ್ಲಿಗೆ ಬರುವುದು ಸಂಜೆ, ಎಲ್ಲ ಮುಗಿದ ಮೇಲೆ, ಅದೂ ಬಿಡುವಿದ್ದರೆ. ಚಿತ್ರದಲ್ಲಿ ನಾವು ನೋಡುತ್ತಿರುವುದು ಉತ್ತರದ ಕಡೆಗೆ, ಬೆಳಕು ಬರುತ್ತಿರುವುದು ಬಲಗಡೆಯಿಂದ. ಎಂದರೆ ಪೂರ್ವದಿಂದ, ಬೆಳಗಿನ ಹೊತ್ತು. ಸಂಜೆ ಹೋದವರಿಗೆ ಬೆಳಕು ತಿರುವುಮುರುವಾಗಿ ಬೀಳುತ್ತದೆ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ತಿಂಗಳುಗಳಲ್ಲಿ ಬೆಳಗ್ಗೆ ಎಂಟರೊಳಗೆ ಅಲ್ಲಿರಿ. ಡಿಸೆಂಬರ್‌ನಲ್ಲಿ ಆ ಹೊತ್ತಿಗೆ ಸೂರ್ಯನೇ ಹುಟ್ಟಿರುವುದಿಲ್ಲ. ಶುಭ್ರ ಆಕಾಶಕ್ಕಿಂತ ಮೋಡ ಓಡುತ್ತಿರುವ ದಿನವೇ ಮೇಲು.

ಇಲ್ಲಿ ನಿಂತು ಕೈಯಲ್ಲಿನ ಹಾಳೆಯನ್ನು ಎದುರಿನ ದೃಶ್ಯಕ್ಕೆ ಹೊಂದಿಸಲು ಹೋದವರು ಮೊದಲು ನಿರಾಶರಾಗುತ್ತಾರೆ. ಎರಡೂ ಕೋಟೆಬಾಗಿಲುಗಳನ್ನು 19ನೇ ಶತಮಾನದಲ್ಲಿ ಕೆಡವಲಾಗಿದೆ. ಆದ್ದರಿಂದ ಕಟ್ಟಡ ಹುಡುಕುವುದನ್ನು ಬಿಟ್ಟು ಮೊದಲು ನೀರಿನ ಅಂಚನ್ನು, ಅದು ಒಳಕ್ಕೆ ಬಾಗುವ ಜಾಗವನ್ನು ಗುರುತಿಸಿ. ಬಳಿಕ ಕಣ್ಣನ್ನು ಹೊಸ ಚರ್ಚಿನ ಗೋಪುರಕ್ಕೆ ಎತ್ತಿ. ಅದು ಚಿತ್ರದಲ್ಲಿರುವಂತೆ ಕಾಣುವುದಿಲ್ಲ, ಏಕೆಂದರೆ 1872ರಲ್ಲಿ ಸಿಡಿಲು ಬಡಿದು ಹಾಳಾದ ತುದಿಯನ್ನು ವಾಸ್ತುಶಿಲ್ಪಿ ಪಿಯರ್ ಕೌಪರ್ಸ್ ಹೊಸದಾಗಿ ಕಟ್ಟಿದ. ಗೋಪುರದ ಕೆಳಗಿನ ಭಾಗವನ್ನಷ್ಟೇ ಹಾಳೆಯೊಡನೆ ತಾಳೆ ನೋಡಿ. ಕೊನೆಯದಾಗಿ ನಿಮ್ಮ ಕಣ್ಣಿನ ಎತ್ತರವನ್ನು ಪರಿಶೀಲಿಸಿ: ಚಿತ್ರದಲ್ಲಿ ಈಚೆ ದಡದ ಹೆಂಗಸರನ್ನು ನಾವು ಮೇಲಿನಿಂದ ನೋಡುತ್ತಿದ್ದೇವೆ. ವರ್ಮೀರ್ ಯಾವುದೋ ಮನೆಯ ಮಹಡಿಯ ಕಿಟಕಿಯಿಂದ ನೋಡಿರಬೇಕು ಎಂಬ ಊಹೆ ಹುಟ್ಟಿದ್ದು ಇದರಿಂದಲೇ. ಊರಿನ ಪೂರ್ವಕ್ಕೆ ಈಗಲೂ ನಿಂತಿರುವ ಊಸ್ಟ್‌ಪೋರ್ಟ್ ಬಾಗಿಲನ್ನು ತೋರಿಸಿ ‘ಇದೇ ಚಿತ್ರದಲ್ಲಿರುವ ಬಾಗಿಲು’ ಎನ್ನುವವರನ್ನು ನಂಬಬೇಡಿ, ಅದು ಬೇರೆ.

ಉಳಿದ ನಡಿಗೆ

ಇನ್ನು ಊರೊಳಗೆ ನಡೆಯಿರಿ, ಸೈಕಲ್ಲುಗಳ ಕೆಂಪು ದಾರಿಯಲ್ಲಿ ಮಾತ್ರ ನಿಲ್ಲಬೇಡಿ. ಔಡೆ ಡೆಲ್ಫ್ಟ್ ಕಾಲುವೆಯ ಪಕ್ಕದಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯ ಹಳೆಯ ಕಟ್ಟಡವಿದೆ. ನಮ್ಮ ಬಸರೂರಿನಲ್ಲಿ ಅಕ್ಕಿಯ ವ್ಯಾಪಾರ ನಡೆಸಿದ್ದು ಇದೇ ಕಂಪನಿ. ಹಳೆಯ ಚರ್ಚಿನ ಗೋಪುರ ಕಣ್ಣಿಗೆ ಕಾಣುವಷ್ಟು ವಾಲಿದೆ. ಒಳಗೆ ವರ್ಮೀರನ ಸ್ಮಾರಕ ಕಲ್ಲೂ ಸೂಕ್ಷ್ಮದರ್ಶಕದ ಲೇವನ್‌ಹುಕ್‌ನ ಸಮಾಧಿಯೂ ಇವೆ. ಇಬ್ಬರೂ ಹುಟ್ಟಿದ್ದು ಒಂದೇ ವರ್ಷ. ಸಾಲದಲ್ಲಿ ಸತ್ತ ವರ್ಮೀರನ ಆಸ್ತಿಯ ಲೆಕ್ಕ ನೋಡಲು 1676ರಲ್ಲಿ ನಗರ ನೇಮಿಸಿದ್ದು ಲೇವನ್‌ಹುಕ್‌ನನ್ನೇ. ವರ್ಮೀರನಿಗೆ ನಾಮಕರಣವಾದ ಹೊಸ ಚರ್ಚ್ ಚೌಕದ ಒಂದು ತುದಿಯಲ್ಲಿದೆ. ತಂದೆಯ ಹೋಟೆಲು ಮೆಖೆಲೆನ್ ಈಗ ಇಲ್ಲ, 1885ರಲ್ಲಿ ಕೆಡವಿದರು.

ಫ್ಲಾಮಿಂಗ್‌ಸ್ಟ್ರಾಟ್‌ನ 40 ಮತ್ತು 42ನೇ ಸಂಖ್ಯೆಯ ಮನೆಗಳ ಮುಂದೆ ಸ್ವಲ್ಪ ನಿಲ್ಲಿ. ವರ್ಮೀರನ ‘ಪುಟ್ಟ ಬೀದಿ’ ಚಿತ್ರದ ಜಾಗ ಇದೇ ಎಂದು ಕಲಾ ಇತಿಹಾಸಕಾರ ಫ್ರಾನ್ಸ್ ಖ್ರೈಸೆನ್‌ಹೌಟ್ 2015ರಲ್ಲಿ ಹೇಳಿದರು. ಕಾಲುವೆಯ ಹೂಳೆತ್ತಲು ಪ್ರತಿ ಮನೆಯಿಂದ ಅಗಲಕ್ಕೆ ತಕ್ಕಂತೆ ವಸೂಲು ಮಾಡಿದ ತೆರಿಗೆಯ 1667ರ ದಾಖಲೆಯೇ ಅವರ ಆಧಾರ: ಸುಮಾರು 6.3 ಮೀಟರ್ ಅಗಲದ ಎರಡು ಮನೆ, ನಡುವೆ ಸುಮಾರು 1.2 ಮೀಟರಿನ ಎರಡು ಓಣಿ. ಬಲಗಡೆಯ ಮನೆಯಲ್ಲಿ ವರ್ಮೀರನ ಸೋದರತ್ತೆ ಬೋಟಿ ಮಾರುತ್ತಿದ್ದಳು. ಎಲ್ಲರೂ ಇದನ್ನು ಒಪ್ಪಿಲ್ಲ, ನನಗಂತೂ ಈ ವಾದ ಹಿಡಿಸಿದೆ. ಈಗಿರುವ ಮನೆಗಳು ಹೊಸವು. ಹಾಗಾಗಿ ಇಲ್ಲಿ ಮಾತ್ರ ಜಾಗವನ್ನು ಮೊದಲು, ಚಿತ್ರವನ್ನು ಆಮೇಲೆ ನೋಡಿದರೂ ನಷ್ಟವಿಲ್ಲ.

ಪಿಂಗಾಣಿ ಕೊಳ್ಳಲೇಬೇಕಾದರೆ ತಟ್ಟೆಯನ್ನು ಮಗುಚಿ ತಳ ನೋಡಿ. ಕೈಯಿಂದ ಬರೆದದ್ದರಲ್ಲಿ ನೀಲಿಯ ಗೀಟು ಒಂದೆಡೆ ದಪ್ಪ, ಒಂದೆಡೆ ತೆಳು. ಅಚ್ಚೊತ್ತಿದ್ದರಲ್ಲಿ ಎಲ್ಲೆಡೆ ಒಂದೇ ಸಮ.

‘ಪುಟ್ಟ ಬೀದಿ’, ‘ಹಾಲು ಸುರಿಯುವವಳು’ ಸೇರಿ ನಾಲ್ಕು ಚಿತ್ರಗಳು ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂನಲ್ಲಿವೆ. ಮರಳುವ ವಿಮಾನದ ದಿನಕ್ಕೆ ಅದನ್ನು ತುರುಕಬೇಡಿ. ಹಿಂದಿನ ದಿನ ಬೆಳಗ್ಗೆ ಒಂಬತ್ತರ ಮೊದಲ ಪ್ರವೇಶಕ್ಕೆ ಟಿಕೆಟ್ ಪಡೆದು, ಉಳಿದವರೆಲ್ಲ ರೆಂಬ್ರಾಂಟ್‌ನ ‘ರಾತ್ರಿ ಕಾವಲು’ ಚಿತ್ರದ ಕಡೆ ಧಾವಿಸುವಾಗ ನೇರವಾಗಿ ವರ್ಮೀರನ ಗೋಡೆಗೆ ಹೋಗಿ. ಆ ಹೊತ್ತಿನಲ್ಲಿ ಅಲ್ಲಿ ಜನ ಕಡಿಮೆ.