ಬಹಮನಿ ಕಾಲದ ಸಾಹಸ ಸಿನಿಮಾಕ್ಕ ಇವತ್ತಿನ ಹಾಡು, ನಗು ಕೂಡಿಸೋದು ಹ್ಯಾಂಗ?

ಬೀದರ್ ಕಿಲ್ಲಾದಾಗ, ಕಲಬುರಗಿ ಕಿಲ್ಲಾದಾಗ ರೀಲ್ ಮಾಡೋ ಹುಡುಗ್ರು ದಿನಾ ಸಿಗ್ತಾರ. ಕ್ಯಾಮೆರಾ ಹಿಡಿಯೋದು ಬರ್ತದ, ಎಡಿಟಿಂಗ್ ಬರ್ತದ, ಆದ್ರ ಅದೇ ಗ್ವಾಡಿ ಇಟ್ಕೊಂಡು ಇಪ್ಪತ್ತು ನಿಮಿಷದ ಒಂದು ಬಹಮನಿ ಕಾಲದ ಸಾಹಸ ಕಥಿ ಮಾಡ್ರಿ ಅಂದ್ರ ಎಲ್ಲಾರೂ ಎರಡೇ ದಾರಿ ಹಿಡೀತಾರ, ಒಂದು ನಾಟಕ ಕಂಪನಿ ಭಾಷಾದಾಗ ಮಾತಾಡಿಸಿ ಹಿಂದ ಕೊಳಲು ಊದಿಸೋದು, ಇನ್ನೊಂದು ತಲವಾರ ಹಿಡಿದೋನ್ನ ಸ್ಲೋ ಮೋಷನ್‌ದಾಗ ನಡಿಸಿ ಮ್ಯಾಲ ಡಿಜೆ ಹಾಡು ಹಚ್ಚೋದು. ನಾ ಹೇಳೋದು ಮೂರನೇ ದಾರಿ. ಹಾಡು ಇವತ್ತಿಂದೇ ಇರಲಿ, ನಗುನೂ ಇವತ್ತಿಂದೇ ಇರಲಿ, ಆದ್ರ ಎರಡೂ ಆ ಕಾಲದ ಮಂದಿ ಮೈಯೊಳಗಿಂದ ಬರಬೇಕು, ಮ್ಯಾಲಿಂದ ಅಂಟಿಸಿದಂಗ ಇರಬಾರದು. ಮತ್ತ ಕಥಿಯೊಳಗಿನ ಮಂದಿಗಿ ತಮ್ಮ ಕಷ್ಟ ಖರೇನೇ ಇರಬೇಕು.

ಇದಕ್ಕ ಛಲೋ ಉದಾಹರಣಿ ಅಂದ್ರ 2001ರ 'ಎ ನೈಟ್ಸ್ ಟೇಲ್', ಬ್ರಯಾನ್ ಹೆಲ್ಗೆಲ್ಯಾಂಡ್ ನಿರ್ದೇಶನ ಮಾಡಿದ್ದು. ಕಥಿ ನಡೆಯೋದು ಯುರೋಪಿನ 14ನೇ ಶತಮಾನದಾಗ, ಕುದುರಿ ಮ್ಯಾಲ ಈಟಿ ಹಿಡಿದು ಎದುರಾಬದುರು ಓಡೋ ಪಂದ್ಯ, ಶುರುನಾಗೇ ಕ್ವೀನ್ ಬ್ಯಾಂಡಿನ 1977ರ 'ವಿ ವಿಲ್ ರಾಕ್ ಯೂ' ಬರ್ತದ. ಅಲ್ಲಿ ನೋಡಬೇಕಾದ್ದು ಹಾಡಲ್ಲ, ಪಂದ್ಯ ನೋಡ್ಲಾಕ ಬಂದ ಮಂದಿನೇ ಆ ತಾಳ ಬಡೀತಾರ, ಅಂದ್ರ ಹಾಡು ಸ್ಟುಡಿಯೋದಿಂದ ಬಂದಿಲ್ಲ, ಮೈದಾನದಿಂದ ಎದ್ದದ. ಮುಂದ ಒಂದು ಕುಣಿತದ ಸೀನ್ ಅದ, ಹಳೇ ಕಾಲದ ವಾದ್ಯದಿಂದ ಸಾವಕಾಶ ಶುರು ಆಗಿ, ಹಂಗೇ ಜಾರಿ ಡೇವಿಡ್ ಬೋವಿ ಹಾಡಿಗಿ ಹೋಗ್ತದ, ಯಾವ ಕ್ಷಣಕ್ಕ ಕಾಲ ಬದಲಾಯ್ತು ಅಂತ ಕಿವಿಗಿ ತಿಳಿಯೂದೇ ಇಲ್ಲ. ಈ ಎರಡು ಸೀನ್ ಕಲತ್ರ ಅರ್ಧ ಕೆಲಸ ಕಲತಂಗೇ. ಕಥಿ ಮಾತ್ರ ಅಲ್ಲಿಂದ ಎತ್ತಬ್ಯಾಡ್ರಿ, ನಮ್ಮ ಕಡಿ ಕಥಿಗಿ ಬರ ಇಲ್ಲ.

ಉದಾಹರಣಿಗಿ ಇದನ್ನೇ ತಗೋರಿ. ಬಹಮನಿ ರಾಜ್ಯ 1347ರಾಗ ಕಲಬುರಗಿಯಿಂದ ಶುರು ಆಯ್ತು, ಮುಂದ 15ನೇ ಶತಮಾನದಾಗ ಅಹ್ಮದ್ ಶಾ ರಾಜಧಾನಿ ಬೀದರ್‌ಕ್ಕ ಒಯ್ದ. ಆಮ್ಯಾಲ ಮಹಮೂದ್ ಗವಾನ್ ಅಂತ ಪರ್ಷಿಯಾದಿಂದ ಬಂದ ವಜೀರ. ದರಬಾರದಾಗ ಇಲ್ಲಿನ ದಖನಿ ಸರದಾರರದ್ದು ಒಂದು ಗುಂಪು, ಹೊರಗಿಂದ ಬಂದ ಅಫಾಕಿಗಳದ್ದು ಒಂದು ಗುಂಪು, ದಿನಾ ಜಗಳ. ಗವಾನ್‌ನ ಮುದ್ರಿ ಕಾಯೋನಿಗಿ ಕುಡಿಸಿ ಖಾಲಿ ಕಾಗದದ ಮ್ಯಾಲ ಮುದ್ರಿ ಒತ್ತಿಸ್ಕೊಂಡು, ಒಡಿಶಾ ರಾಜನಿಗಿ ಗವಾನೇ ಬರದಂಗ ಸುಳ್ಳು ಪತ್ರ ತಯಾರು ಮಾಡಿ ಸುಲ್ತಾನ ಮೂರನೇ ಮುಹಮ್ಮದ್ ಶಾಗ ತೋರಿಸಿದ್ರು ಅಂತ ಇತಿಹಾಸ ಹೇಳ್ತದ, 1481ರಾಗ ಗವಾನ್‌ನ ತಲಿ ಹೋಯ್ತು. ಈಗ ಇದರೊಳಗ ನಾವು ಹುಟ್ಟಿಸಿದ ಮೂರು ಮಂದಿ ಇಡೋಣು, ಬೀದರ್ ಕರೇಜ್ ಒಳಗ, ಅಂದ್ರ ಆ ನೆಲದ ಕೆಳಗಿನ ಸುರಂಗ ಬಾವಿ ಒಳಗ ಹೂಳು ತಗಿಯೋ ಒಬ್ಬ ಮುತ್ಯಾ, ಅವನ ಮೊಮ್ಮಗಳು, ಒಬ್ಬ ಕುದುರಿ ಲಾಯದ ಹುಡುಗ. ಮೋಸದ ಸುದ್ದಿ ಇವರ ಕಿವಿಗಿ ಬೀಳ್ತದ, ಸುಲ್ತಾನನ ದಂಡು ದೂರ, ಈಗಿನ ಆಂಧ್ರದ ಕೊಂಡಪಲ್ಲಿ ಕಡಿ ಅದ, ಅಲ್ಲಿಗಿ ಖಬರ್ ಮುಟ್ಟಿಸಬೇಕು. ನೋಡೋರಿಗಿ ಗವಾನ್ ಉಳಿಯಂಗಿಲ್ಲ ಅಂತ ಮೊದಲೇ ಗೊತ್ತದ, ಇವರಿಗಿ ಗೊತ್ತಿಲ್ಲ. ಇಂಥಾ ಕಥಿಗಿ ನಗು ಬೇಕೇ ಬೇಕು, ಇಲ್ಲಂದ್ರ ಇಪ್ಪತ್ತು ನಿಮಿಷ ಬರೇ ಭಾರ ಆಗ್ತದ.

ಮೊದಲ ಕೆಲಸ, ಹಾಡಿಗಿ ಎಷ್ಟು ಸಡಿಲ ಬಿಡ್ತೀರೋ ಅಷ್ಟೇ ಬಿಗಿಯಾಗಿ ಉಳಿದದ್ದು ಹಿಡೀರಿ. ನೋಡೋರು ಒಂದು ಸುಳ್ಳು ಖುಷಿಯಿಂದ ಒಪ್ತಾರ, ಹತ್ತು ಒಪ್ಪಂಗಿಲ್ಲ. ಬೇಸ್ ಗಿಟಾರ್ ಬಂತಂದ್ರ ಅದು ಬೇಕಂತ ಮಾಡಿದ್ದು ಅಂತ ತಿಳೀತದ, ಆದ್ರ ಅದೇ ಸೀನ್‌ದಾಗ ಜ್ವಾಳದ ರೊಟ್ಟಿ ಸಂಗಟ ಶೇಂಗಾ ಹಿಂಡಿ, ಹಸಿ ಮೆಣಸಿನಕಾಯಿ ಇಟ್ರ ಅದು ಬರೇ ತಪ್ಪು. ಶೇಂಗಾ, ಮೆಣಸಿನಕಾಯಿ, ಟೊಮ್ಯಾಟೊ, ಆಲೂಗಡ್ಡಿ, ತಂಬಾಕು ಎಲ್ಲಾ ಅಮೆರಿಕಾ ಖಂಡದ್ದು, ಪೋರ್ಚುಗೀಸರು ಬಂದ ಮ್ಯಾಲ ಇಲ್ಲಿಗಿ ಮುಟ್ಟಿದ್ದು, 1481ರಾಗ ವಾಸ್ಕೋ ಡ ಗಾಮಾ ಇನ್ನೂ ಕಲ್ಲಿಕೋಟಿಗಿ ಬಂದಿದ್ದಿಲ್ಲ. ಜ್ವಾಳದ ರೊಟ್ಟಿ, ತೊಗರಿ ಬ್ಯಾಳಿ, ಬೆಳ್ಳೊಳ್ಳಿ, ಖಾರಕ್ಕ ಕರಿಮೆಣಸು, ಅಷ್ಟು ಸಾಕು.

ಕಟ್ಟಡಾನೂ ಹಂಗೇ. ಗವಾನ್ ಮದರಸಾ 1472ರಾಗ ಕಟ್ಟಿದ್ದು, ನಿಮ್ಮ ಕಥಿ ಟೈಮಿಗಿ ಅದು ಹೊಸಾ ಕಟ್ಟಡ, ಹೊರಗ ಪೂರಾ ಬಣ್ಣದ ಹೆಂಚಿನ ಕೆಲಸ. ಈಗ ಅರ್ಧಾ ಬಿದ್ದದ, ಎರಡು ಮಿನಾರ್‌ದಾಗ ಒಂದೇ ಉಳದದ. ಹಂಗಾಗಿ ದೂರದ ವೈಡ್ ಶಾಟ್ ಆಸಿ ಬಿಡ್ರಿ, ಹೆಂಚು ಉಳಿದ ಕಡಿ ಹತ್ತಿರ ಹೋಗಿ ಶಾಟ್ ತಗೋರಿ, ಮಿನಾರ್ ಬುಡಾ, ಒಂದು ಕಮಾನು, ಅದರ ಮುಂದ ಓಡೋ ಹುಡುಗಿ. ಬಹಮನಿ ಆದ ಮ್ಯಾಲ ಬೀದರ್ ಆಳಿದ ಬರೀದಶಾಹಿಗಳ ಗುಮ್ಮಟ ಫ್ರೇಮ್‌ದಾಗ ಬರಬಾರದು, ಅವು ಮುಂದಿನ ಶತಮಾನದವು. ಕಲಬುರಗಿ ಕಿಲ್ಲಾದ ಜಾಮಿ ಮಸೀದಿ 1367ರದ್ದು, ಕಾಲಕ್ಕ ಬರೋಬ್ಬರಿ ಕೂಡ್ತದ, ಆದ್ರ ಅಲ್ಲಿ ಚೇಷ್ಟಾ ಸೀನ್ ಬ್ಯಾಡ.

ಈಗ ಹಾಡು. ಇಲ್ಲಿ ಜರಾ ನಿಧಾನ ಓದ್ರಿ, ಇದೇ ಖರೇ ಕೆಲಸ. ಪಾತ್ರಗಳಿಗಿ ಕೇಳೋ ಸಂಗೀತ ಬ್ಯಾರೆ, ನಮಗಷ್ಟೇ ಕೇಳೋ ಸಂಗೀತ ಬ್ಯಾರೆ. ಹೊಸಾ ಹಾಡು ಸೀದಾ ನಮಗಷ್ಟೇ ಕೇಳೋ ಜಾಗದಾಗ ಶುರು ಮಾಡಿದ್ರ ಅಂಟಿಸಿದಂಗ ಕಾಣ್ತದ. ಪಾತ್ರಗಳ ಕೈಯಾಗಿಂದ ಶುರು ಮಾಡ್ರಿ. ಮುತ್ಯಾ ಗುದ್ದಲಿಯಿಂದ ಹೊಡಿಯೋ ಏಟು, ಕುದುರಿ ಗೊರಸು, ಬೀಸೋ ಕಲ್ಲು, ಬಿದರಿ ಕೆಲಸದೋನ ಸಣ್ಣ ಉಳಿ ಸಪ್ಪಳ, ಇವು ಒಂದೊಂದಾಗಿ ಒಂದೇ ತಾಳಕ್ಕ ಬರಲಿ, ಆಮ್ಯಾಲ ಹಲಗಿ ಸೇರಲಿ, ಎಂಟು ಬೀಟ್ ಆದ ಮ್ಯಾಲ ಬೇಸ್ ಬರಲಿ, ಅಷ್ಟೊತ್ತಿಗಿ ನೋಡೋನ ಕಾಲು ತಾನೇ ಅಲುಗ್ಲತ್ತಿರ್ತದ, ಯಾವ ಶತಮಾನದ್ದು ಅಂತ ಕೇಳಂಗಿಲ್ಲ. ಶಹನಾಯಿ, ನಗಾರಿ ಆ ಕಾಲದ ದರಬಾರಿಗೂ ಹೊಂದ್ತಾವ, ಇವತ್ತಿನ ಮದುವಿಗೂ ಹೊಂದ್ತಾವ, ಹಂಗಾಗಿ ಎರಡೂ ಕಾಲದ ನಡುವ ದಾಟ್ಲಾಕ ಅವೇ ಸೇತುವೆ.

ತಾಳದ ಲೆಕ್ಕ ಶೂಟಿಂಗ್ ಮೊದಲೇ ಮಾಡ್ರಿ. ಸೆಕೆಂಡಿಗಿ 24 ಫ್ರೇಮ್‌ದಾಗ ಶೂಟ್ ಮಾಡಿದ್ರ ನಿಮಿಷಕ್ಕ 120 ಬೀಟಿನ ಹಾಡಿಗಿ ಒಂದು ಬೀಟ್ ಅಂದ್ರ ಬರೋಬ್ಬರಿ 12 ಫ್ರೇಮ್, 90 ಬೀಟ್ ಇದ್ರ 16 ಫ್ರೇಮ್. 25 ಫ್ರೇಮ್ ಇಟ್ಟೋರು 100 ಬೀಟಿನ ಹಾಡು ಹಿಡೀರಿ, 15 ಫ್ರೇಮಿಗಿ ಒಂದು ಬೀಟ್. ಹಿಂಗಿದ್ರ ಕಟ್ ಮಾಡೋ ಮುಂದ ಬೀಟ್ ಅರ್ಧ ಫ್ರೇಮಿನಾಗ ಸಿಕ್ಕೊಳ್ಳಂಗಿಲ್ಲ. ಹಂಗಂತ ಪ್ರತಿ ಬೀಟಿಗೂ ಕಟ್ ಹಾಕಿದ್ರ ರೀಲ್ ಆಗ್ತದ, ಸಿನಿಮಾ ಆಗಂಗಿಲ್ಲ. ಏಟು, ಜಿಗಿತ, ಬಾಗಿಲು ಮುಚ್ಚೋದು ಬೀಟ್ ಮ್ಯಾಲ ಬೀಳಲಿ, ಮುಖ ನೋಡೋ ಶಾಟ್ ಬೀಟ್ ದಾಟಿ ಉಳೀಲಿ.

ಕುಣಿತ ಮತ್ತ ಮಾತು ಒಂದೇ ಸೀನ್‌ದಾಗ ಇದ್ರ, ಸ್ಪೀಕರ್‌ದಾಗ ಹಾಡು ಹಚ್ಚಿ ಎಲ್ಲಾರಿಗೂ ತಾಳ ಕೂಡಿಸಿ, ಮಾತು ಬರೋ ಟೈಮಿಗಿ ಹಾಡು ಬಂದ್ ಮಾಡ್ರಿ, ಹಿಂದಿನೋರು ಸಪ್ಪಳ ಇಲ್ಲದಂಗ ಅದೇ ತಾಳಕ್ಕ ಕುಣೀಲಿ. ಮೊದಲು ಬರಿಗಾಲಿನಾಗ ತಾಲೀಮು ಮಾಡ್ಸಿರಿ.

ಹಲಗಿ ಬಗ್ಗೆ ಒಂದು ಮಾತು. ಬಾರಸೋರು ಬೆಂಕಿಗಿ ಹಿಡಿದು ಚರ್ಮ ಬಿಗಿ ಮಾಡ್ಕೋತಾರ, ತಣ್ಣಗಾದಂಗ ಸ್ವರ ಇಳೀತದ. ಸಿಂಥ್ ಬೇಸ್ (ಕೀಬೋರ್ಡಿನಿಂದ ತಗಿಯೋ ದಪ್ಪ ಸ್ವರ) ಸಂಗಟ ಕೂಡಿಸೋದಿದ್ರ ಪ್ರತಿ ಟೇಕಿಗೂ ಕಾಯಿಸಿ ಆದ ಕೂಡ್ಲೇ ರೆಕಾರ್ಡ್ ಮಾಡ್ರಿ, ಇಲ್ಲಂದ್ರ ಎಡಿಟಿಂಗ್ ಟೇಬಲ್ ಮುಂದ ಎರಡು ಟೇಕ್ ಕೂಡಂಗಿಲ್ಲ. ಮತ್ತ ಬಾರಸೋ ಕಲಾವಿದರಿಗಿ ಪೂರಾ ಪೇಮೆಂಟ್, ಟೈಟಲ್‌ದಾಗ ಹೆಸರು. ಊರಿನ ವಾದ್ಯ ಅಂತ ಫುಕಟ ಕೇಳೋ ರೂಢಿ ಅದ, ಅದು ನಿಲ್ಲಬೇಕು.

ಎಲ್ಲಾ ನಾದಾನೂ ಎಲ್ಲಾ ಕಡಿ ಹಾಕೋದಲ್ಲ. ಮೊಹರಂದಾಗ ಹಾಡೋ ರಿವಾಯತ್ ಪದ ಶೋಕದ್ದು, ಚೇಸಿಂಗ್ ಸೀನಿಗಿ ಅದರ ಧಾಟಿ ತಂದ್ರ ಕಲಬುರಗಿ ಮಂದಿ ಕಿವಿಗಿ ಚುಚ್ಚತದ, ಬ್ಯಾರೆ ಊರಿನೋರಿಗಿ ತಿಳೀದೇ ಇರಬಹುದು ಆದ್ರ ನೀವು ಇಲ್ಲಿಯೋರು. ಅದೇ ಏಕತಾರಿ ಮ್ಯಾಲಿನ ತತ್ವಪದದ ಧಾಟಿ, ಹಿಂದ ತೆಳ್ಳಗ ಸಿಂಥ್ ಪ್ಯಾಡ್ (ಕೀಬೋರ್ಡಿನ ಉದ್ದಕ ಎಳಿಯೋ ಸ್ವರ) ಹಚ್ಚಿ, ಮೂವರೂ ರಾತ್ರಿ ಬಯಲಿನಾಗ ಹಸಿದು ಮಲಗಿದ ಸೀನಿಗಿ ಇಟ್ಟು ನೋಡ್ರಿ.

ಹಕ್ಕಿನ ವಿಷಯ ಸಣ್ಣದಾಗಿ ಹೇಳ್ತೀನಿ. ಹೆಸರಾದ ಹಾಡು ಬೇಕಂದ್ರ ಎರಡು ಪರ್ಮಿಷನ್ ಬೇಕು, ಹಾಡು ಕಟ್ಟಿದೋರದ್ದು ಒಂದು, ರೆಕಾರ್ಡಿಂಗ್ ಮಾಲಕರದ್ದು ಒಂದು. ಹತ್ತು ಸೆಕೆಂಡ್ ಅಷ್ಟೇ ಹಾಕೀನಿ ಅಂದ್ರೂ ಯೂಟ್ಯೂಬ್ ಹಿಡೀತದ. ಜಾನಪದ ಧಾಟಿ ಎಲ್ಲಾರದ್ದು ಇರಬಹುದು, ಆದ್ರ ಅದನ್ನ ಹಾಡಿ ಬಿಟ್ಟ ಕ್ಯಾಸೆಟ್ ಕಂಪನಿ ರೆಕಾರ್ಡಿಂಗ್ ಎಲ್ಲಾರದ್ದಲ್ಲ. ಹೊಸಾದು ಕಟ್ಟಿಸ್ರಿ, ಒಂದು ಹಾಳಿ ಮ್ಯಾಲ ಬರದು ಸಹಿ ತಗೋರಿ, ಮುಗೀತು.

ನಗು ಹಾಡಿಗಿಂತ ಕಠಿಣ. ಪಾತ್ರಗಳಿಗಿ ತಾವು ನಗಸ್ಲತ್ತೀವಿ ಅಂತ ಗೊತ್ತಿರಬಾರದು. ಕರೇಜ್ ಒಳಗ ಮೂವರೂ ಅಡಗ್ಯಾರ, ಗಾಳಿ ಬಾವಿಯಿಂದ ಬೆಳಕು ಕೆಳಗಿನ ನೀರಿನ ಮ್ಯಾಲ ಬಿದ್ದದ ಅನ್ಕೋರಿ:

"ಮುತ್ಯಾ, ಮ್ಯಾಲ ಸಿಪಾಯಿ ನಿಂತಾರ."
"ಎಷ್ಟ ಮಂದಿ?"
"ಕಾಲಿನ ನೆಳ್ಳು ಎಂಟು ಕಾಣ್ತಾವ."
"ಹಂಗಾರ ನಾಕು ಮಂದಿ."
"ಕುದುರಿ ಇದ್ರ ಎರಡೇ, ಮುತ್ಯಾ."
"ಕುದುರಿ ಮ್ಯಾಲ ಯಾರರ ಕುಂತಾರೇನು ನೋಡು."
"ಅದು ನೀರಾಗ ಕಾಣಂಗಿಲ್ಲ."

ಇದರೊಳಗ ಒಬ್ಬನೂ ಜೋಕ್ ಹೇಳಿಲ್ಲ. ಲೆಕ್ಕ ತಪ್ಪಿದ್ರ ಸಾಯ್ತಾರ, ಅದಕ್ಕೇ ನಗು ಬರ್ತದ. ಕೊನೀ ಮಾತು ಆದ ಮ್ಯಾಲ ಎರಡು ಸೆಕೆಂಡ್ ಮುತ್ಯಾನ ಮುಖದ ಮ್ಯಾಲೇ ನಿಲ್ರಿ, 'ಟೊಂಯ್' ಅಂತ ಸೌಂಡ್ ಎಫೆಕ್ಟ್ ಹಾಕಬ್ಯಾಡ್ರಿ, ಹಾಕಿದ್ರ ಸೀನ್ ಸತ್ತಂಗೇ.

ಭಾಷಾನೂ ಇಲ್ಲೇ ಬರ್ತದ. ಕರೇಜ್ ಮಂದಿ ನಮ್ಮ ಕಲಬುರಗಿ-ಬೀದರ್ ಕನ್ನಡಾನೇ ಮಾತಾಡ್ಲಿ, ಲಾಯದ ಹುಡುಗ ನಡುವ ನಡುವ ದಖನಿ ಬೆರಸ್ಲಿ, ದರಬಾರಿನೋರು ಗತ್ತಿನ ಕನ್ನಡ ಆಡ್ಲಿ. ಆದ್ರ ಬುದ್ಧಿ ಇರೋದು ಯಾರ ಕಡಿ? ಮುತ್ಯಾನ ಕಡಿ ಇರಬೇಕು. ನಮ್ಮ ಭಾಷಾ ಕೇಳಿದ ಕೂಡ್ಲೇ ನಗಬೇಕು ಅನ್ನೋ ಚಟ ಎಷ್ಟೋ ಸಿನಿಮಾಕ್ಕ ಹತ್ತ್ಯದ, ಅದನ್ನ ನಾವೇ ಮಾಡಿದ್ರ ಹ್ಯಾಂಗ? ನಗು ಅಧಿಕಾರದ ಮ್ಯಾಲ ಬರಲಿ, ಬಿಸಿಲಿನ ಮ್ಯಾಲ ಬರಲಿ (ಮೇ ತಿಂಗಳ ಕಲಬುರಗಿ ಬಿಸಿಲಿಗಿ ಕಬ್ಬಿಣದ ಕವಚ ಹಾಕ್ಕೊಂಡು ನಿಂತ ಸರದಾರಂದು ಯಾವ ಡೈಲಾಗೂ ಬೇಕಾಗಿಲ್ಲ), ಯಾರ ದೇವರ ಮ್ಯಾಲೂ, ಜಾತಿ ಮ್ಯಾಲೂ ಬ್ಯಾಡ.

ಎಲ್ಲಿ ನಿಲ್ಲಸಬೇಕು ಅನ್ನೋದಕ್ಕ ಆ ಮುದ್ರಿ ಸೀನೇ ಪಾಠ. ಶುರುನಾಗ ಪೂರಾ ಮಜಾ ಇರಲಿ, ಖವ್ವಾಲಿ ಚಪ್ಪಾಳಿ, ಕೆಳಗ ಹಿಪ್-ಹಾಪ್ ಬೀಟ್, ಮುದ್ರಿ ಕಾಯೋನು ಕುಡಿದು ಒಮ್ಮಿ ತನ್ನ ಅಂಗೈ ಮ್ಯಾಲ ಮುದ್ರಿ ಒತ್ಕೋತಾನ, ಒಮ್ಮಿ ರೊಟ್ಟಿ ಮ್ಯಾಲ ಒತ್ತತಾನ, ನೋಡೋರು ನಗಲಿ. ಆಮ್ಯಾಲ ಯಾರೋ ಮುಂದ ಒಂದು ಖಾಲಿ ಕಾಗದ ಸರಸ್ತಾರ. ಬೀಟ್ ಮ್ಯಾಲೇ ಮುದ್ರಿ ಬೀಳ್ತದ, ಅದೇ ಫ್ರೇಮಿಗಿ ಎಲ್ಲಾ ಸಂಗೀತ ಕಟ್. ಫೇಡ್ ಔಟ್ ಅಲ್ಲ, ಕಟ್. ಕಾಗದ ಮಡಚೋ ಸಪ್ಪಳ ಅಷ್ಟೇ. ಮುಂದಿನ ಎರಡು ಸೀನ್ ಹಲಗಿ ಇಲ್ಲ, ಬೇಸ್ ಇಲ್ಲ, ನಗುನೂ ಇಲ್ಲ. ಈಗ ತಾನೇ ನಕ್ಕ ಮಂದಿಗಿ ತಾವು ಯಾವುದಕ್ಕ ನಕ್ಕಿವಿ ಅಂತ ತಿಳೀಲಾಕ ಆ ಖಾಲಿ ಜಾಗ ಬೇಕು, ಅದನ್ನ ಹೆದರಿ ತುಂಬಬ್ಯಾಡ್ರಿ.

ಶೂಟಿಂಗ್ ತಯಾರಿ ಬಗ್ಗೆ: ಎರಡೂ ಕಿಲ್ಲಾ, ಮದರಸಾ ಪುರಾತತ್ವ ಇಲಾಖಿ ಕೈಯಾಗ ಅವ, ಸಿನಿಮಾ ಶೂಟಿಂಗಿಗಿ ಮೊದಲೇ ಅರ್ಜಿ ಹಾಕಿ ಪರ್ಮಿಷನ್ ತಗೋಬೇಕು. ಬೀದರ್‌ದಾಗ ವಾಯುಪಡೆ ನಿಲ್ದಾಣ ಅದ, ಹಂಗಾಗಿ ಡ್ರೋನ್ ಆಸಿ ಬಿಡೋದೇ ಛಲೋ, ಮ್ಯಾಲಿಂದ ಶಾಟ್ ಬೇಕಂದ್ರ ಯಾದಗಿರಿ ಗುಡ್ಡದ ಕಿಲ್ಲಾ ಹತ್ತ್ರಿ, ಅಲ್ಲಿಂದ ಕೆಳಗ ನೋಡಿದ್ರ ಡ್ರೋನ್ ಬೇಕಾಗಂಗೇ ಇಲ್ಲ, ಫ್ರೇಮಿನೊಳಗ ಕರೆಂಟ್ ಕಂಬ ಬರದಂಗ ನೋಡ್ಕೋರಿ. ತರಬೇತಿ ವಿಮಾನ ಹಾರೋ ಟೈಮಿಗಿ ಬೀದರ್‌ದಾಗ ಮಾತಿನ ಸೀನ್ ಇಟ್ಕೊಳ್ಳಬ್ಯಾಡ್ರಿ, ಓಡೋ ಸೀನ್, ಹಾಡಿನ ಸೀನ್ ಆಗ ಮುಗಿಸ್ರಿ.

ಎಡಿಟ್ ಆದ ಮ್ಯಾಲ ಒಮ್ಮಿ ಎಲ್ಲಾ ಹಾಡು ಮ್ಯೂಟ್ ಮಾಡಿ ಪೂರಾ ನೋಡ್ರಿ. ಹಾಡಿಲ್ಲದೇ ಯಾವ ಸೀನ್ ನಿಲ್ಲಂಗಿಲ್ಲೋ ಅದು ಸೀನೇ ಅಲ್ಲ, ಅದನ್ನ ಮತ್ತ ಶೂಟ್ ಮಾಡ್ರಿ ಇಲ್ಲಾ ತಗೀರಿ. ಆಮ್ಯಾಲ ಮಿಕ್ಸಿಂಗ್, ಅಂದ್ರ ಮಾತು, ಹಾಡು, ಸಪ್ಪಳ ಎಲ್ಲಾ ಹದಕ್ಕ ಕೂಡಿಸೋದು. ದೊಡ್ಡ ಸೌಂಡ್ ಬಾಕ್ಸ್ ಹಚ್ಚಿ ಕೇಳಿದ್ರ ಎಲ್ಲಾ ಮಸ್ತೇ ಅನಸ್ತದ, ಆದ್ರ ನೋಡೋರು ಭಾಳ ಮಂದಿ ಫೋನ್‌ದಾಗೇ ನೋಡ್ತಾರ, ಫೋನ್ ಸ್ಪೀಕರಿಗಿ ಬೇಸ್ ಬರಂಗಿಲ್ಲ. ಅಲ್ಲಿ ತಾಳ ಹಿಡಿದು ನಿಲ್ಲೋದು ಹಲಗಿಯ ಸಣ್ಣ ಕಡ್ಡಿ ಏಟು. ಅದನ್ನ ಬ್ಯಾರೆ ಟ್ರ್ಯಾಕಿನಾಗ ಇಟ್ಟು ಜರಾ ಏರಸ್ರಿ, ಮಾತು ಬಂದ ಕಡಿ ಇಳಸ್ರಿ, ಫೋನ್‌ದಾಗ ಹಚ್ಚಿ ಅಡಗಿ ಮನ್ಯಾಗ ಕುಕ್ಕರ್ ಸೀಟಿ ಹೊಡಿಯೋ ಮುಂದ ಕೇಳ್ರಿ. ಆ ಗದ್ದಲದಾಗೂ ಮುತ್ಯಾನ ಮಾತು ಮತ್ತ ಹಲಗಿ ಎರಡೂ ತಿಳದ್ರ ಮಿಕ್ಸಿಂಗ್ ಮುಗೀತು.