ಉದ್ದ ಸಾಲು, ಪುಟ್ಟ ಕಾಲು

32 ವರ್ಷ ಬ್ಯಾಂಕಿನ ಕೌಂಟರಿನ ಒಳಗೆ ಕುಳಿತಿದ್ದ ನನಗೆ ಸಾಲು ಎಂದರೆ ಗಾಜಿನಾಚೆ ಕಾಣುವ ತಲೆಗಳ ಲೆಕ್ಕವಷ್ಟೇ ಆಗಿತ್ತು. ಊಟದ ಹೊತ್ತಾದರೂ ಇನ್ನೂ ಹದಿನೈದು ತಲೆ ಉಳಿದಿವೆಯಲ್ಲ ಎಂದು ಗೊಣಗುತ್ತಿದ್ದೆ. ನಿವೃತ್ತನಾದ ಮೇಲೆ ಮಗಳು ಎರಡೂವರೆ ವರ್ಷದ ಮೊಮ್ಮಗನನ್ನು ನಮ್ಮ ಮಡಿಲಿಗೆ ಹಾಕಿ ಕೆಲಸಕ್ಕೆ ಹೊರಟಳು. ಗಾಜಿನ ಈಚೆ ನಿಲ್ಲುವುದು ಎಂದರೇನೆಂದು ಆಗ ತಿಳಿಯಿತು.

ಮೈಸೂರಿನಲ್ಲಿ ಇರುವವರಿಗೆ ಸಾಲು ತಪ್ಪಿದ್ದಲ್ಲ. ಆಷಾಢ ಶುಕ್ರವಾರ ಬೆಟ್ಟದಲ್ಲಿ, ದಸರೆಯಲ್ಲಿ ಅರಮನೆಯ ಬಾಗಿಲಲ್ಲಿ, ಬೇಸಿಗೆ ರಜೆಯಲ್ಲಿ ಮೃಗಾಲಯದ ಟಿಕೆಟ್ ಕಿಟಕಿಯಲ್ಲಿ, ಮಿಕ್ಕ ದಿನ ಮಕ್ಕಳ ವೈದ್ಯರಲ್ಲಿ, ಆಧಾರ್ ಕೇಂದ್ರದಲ್ಲಿ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದ ನಮ್ಮ ಪುಟ್ಟನೊಡನೆ ಇಲ್ಲೆಲ್ಲ ನಿಂತಿದ್ದೇನೆ. ಮೊದಮೊದಲು ಸೋತೆ. ಆಮೇಲೆ ಗೊತ್ತಾದದ್ದು ಇಷ್ಟು: ಎರಡು ವರ್ಷದ ಮಗುವಿಗೆ ಕಾಯುವುದು ಬರುವುದಿಲ್ಲ, ಕಲಿಸಲು ಹೋದರೆ ಇಬ್ಬರಿಗೂ ಕಣ್ಣೀರು. ‘ಇನ್ನು ಹತ್ತೇ ನಿಮಿಷ’ ಎಂಬ ಮಾತು ಆ ತಲೆಗೆ ಹತ್ತುವುದೇ ಇಲ್ಲ. ಅವನಿಗೆ ಬೇಕಾದದ್ದು ಕೆಲಸ. ಸಾಲಿನಲ್ಲಿ ಅವನಿಗೊಂದು ನೌಕರಿ ಕೊಡುವುದು ಹೇಗೆ ಎಂಬುದೇ ಇಲ್ಲಿಯ ವಿಷಯ.

ಹೊರಡುವ ಮುಂಚೆ

ಅರ್ಧ ಯುದ್ಧ ಮನೆಯಲ್ಲೇ ಗೆಲ್ಲಬೇಕು. ನಿದ್ದೆಯ ಹೊತ್ತು ಮತ್ತು ಹಸಿವಿನ ಹೊತ್ತು, ಇವೆರಡನ್ನು ಬಿಟ್ಟು ಉಳಿದ ಸಮಯಕ್ಕೆ ಸಾಲನ್ನು ಹೊಂದಿಸಿಕೊಳ್ಳಿ. ನಮ್ಮ ಪುಟ್ಟ ಮಧ್ಯಾಹ್ನ ಒಂದಕ್ಕೆ ಮಲಗುವವನು. ಹನ್ನೆರಡೂವರೆಗೆ ಅವನನ್ನು ಸಾಲಿನಲ್ಲಿ ನಿಲ್ಲಿಸಿ, ಮೂಟೆಗಟ್ಟಲೆ ಆಟಿಕೆ ಸುರಿದರೂ ಪ್ರಯೋಜನವಿಲ್ಲ. ಬೆಳಿಗ್ಗೆ ತಿಂಡಿ ತಿಂದು, ಮನೆಯ ಮುಂದೆ ಕಾಲು ಗಂಟೆ ಓಡಾಡಿ ದಣಿದ ಮೇಲೆ ಹೊರಟರೆ ಆ ಮಗುವೇ ಬೇರೆ.

ತಪ್ಪಿಸಬಹುದಾದ ಸಾಲನ್ನು ತಪ್ಪಿಸಿ. ಮೃಗಾಲಯದ ಟಿಕೆಟನ್ನು ಮೊಬೈಲಿನಲ್ಲೇ ಮುಂಗಡವಾಗಿ ಕೊಳ್ಳಬಹುದು. ಮಂಗಳವಾರ ಅದಕ್ಕೆ ರಜೆ ಎಂಬುದನ್ನು ಮರೆತು ಮಗುವಿಗೆ ಜಿರಾಫೆಯ ಆಸೆ ಹುಟ್ಟಿಸಬೇಡಿ. 1892ರಲ್ಲಿ ಶುರುವಾದ, ತಲೆಮಾರುಗಳಿಂದ ಈ ಊರಿನ ಮಕ್ಕಳು ಹಟ ಮಾಡುತ್ತಾ ಬಂದಿರುವ ಜಾಗ ಅದು, ಮುಚ್ಚಿದ ಗೇಟಿನ ಮುಂದೆ ಸಮಾಧಾನ ಹೇಳುವುದು ಕಷ್ಟ. ಇನ್ನು ಆಧಾರ್: ಐದು ವರ್ಷದೊಳಗಿನ ಮಕ್ಕಳಿಗೆ ಬೆರಳಚ್ಚೂ ಇಲ್ಲ, ಕಣ್ಣಿನ ಪಾಪೆಯ ಗುರುತೂ ಇಲ್ಲ, ಬರೀ ಭಾವಚಿತ್ರ. ಅಂದರೆ ನೀವು ಜೋಪಾನ ಮಾಡಬೇಕಾದದ್ದು ಕೊನೆಯ ಎರಡು ನಿಮಿಷದ ಮುಖವನ್ನು. ಅತ್ತು ಊದಿಕೊಂಡ ಮುಖವೇ ಕಾರ್ಡಿನಲ್ಲಿ ಉಳಿದುಬಿಟ್ಟರೆ ಅಜ್ಜಿ ಕ್ಷಮಿಸುವುದಿಲ್ಲ.

ತಾತನ ಚೀಲ

ಬಟ್ಟೆಯ ಒಂದು ಕೈಚೀಲ. ಇದನ್ನು ಮನೆಯಲ್ಲಿ ತೆರೆಯುವಂತಿಲ್ಲ, ಸಾಲಿನಲ್ಲಿ ಮಾತ್ರ. ಈ ನಿಯಮ ಮುರಿದ ದಿನ ಚೀಲದ ಮಹಿಮೆ ಮುಗಿಯಿತು. ನಮ್ಮ ಮನೆಯಲ್ಲಿ ಅದನ್ನು ಬೀರುವಿನ ಮೇಲೆ ಇಡುತ್ತೇವೆ.

ಒಳಗೆ ಏನೇನು? ಬಟ್ಟೆ ಒಣಗಹಾಕುವ ಕ್ಲಿಪ್‌ಗಳು ಆರು. ಅವನ್ನು ನನ್ನ ಅಂಗಿಯ ಅಂಚಿಗೆ ಸಿಕ್ಕಿಸುವುದು, ಕೀಳುವುದು, ಮತ್ತೆ ಸಿಕ್ಕಿಸುವುದು ಪುಟ್ಟನ ಕೆಲಸ. ಯಾವ ಅಂಗಡಿಯ ಆಟಿಕೆಯೂ ಇಷ್ಟು ಹೊತ್ತು ಅವನನ್ನು ಹಿಡಿದಿಟ್ಟಿಲ್ಲ. ಗಂಟು ಹಾಕಿದ ಒಂದು ಕರವಸ್ತ್ರ. ಬೀಗ ಕಳೆದುಹೋದ ಹಳೆಯ ಕೀಲಿಗೊಂಚಲು. ಅಂಟುಟೇಪಿನ ಒಂದು ಸುರುಳಿ: ಚೂರು ಹರಿದು ನನ್ನ ಮೊಣಕೈಗೆ ಅಂಟಿಸಿದರೆ ಅದನ್ನು ಉಗುರಿನಿಂದ ಎಬ್ಬಿಸಲು ಅವನು ಉಸಿರು ಬಿಗಿಹಿಡಿದು ಕೂರುತ್ತಾನೆ. ಕೂದಲು ಕಿತ್ತು ಬರುವ ನೋವು ತಾತನ ಪಾಲಿಗೆ. ಎಬ್ಬಿಸಿದ ಚೂರು ಬಾಯಿಗೆ ಹೋಗುವ ಮೊದಲು ಕೈಯಿಂದ ತೆಗೆದುಕೊಳ್ಳಬೇಕು. ಚನ್ನಪಟ್ಟಣದ ಅರಗಿನ ಬಣ್ಣದ ಮರದ ಆನೆಯೊಂದಿದೆ, ಅದನ್ನು ಕೊನೆಗೆಂದು ಉಳಿಸಿಕೊಂಡಿರುತ್ತೇನೆ. ಚೆಂಡು ಬೇಡ, ಉರುಳಿ ಸಾಲು ಬಿಟ್ಟು ಹೋಗುತ್ತದೆ, ಹಿಂದೆಯೇ ಮಗುವೂ. ಬಲೂನು ಬೇಡವೇ ಬೇಡ. ಒಡೆದ ಚೂರು ಗಂಟಲಿಗೆ ಸಿಕ್ಕಿಕೊಳ್ಳುವಂಥದ್ದು. ಸದ್ದು ಮಾಡುವ ಆಟಿಕೆ ತಂದವರನ್ನು ಮುಂದಿನವರು ತಿರುಗಿ ನೋಡುವ ನೋಟವನ್ನು ನಾನು ಬಲ್ಲೆ, ನಾನೂ ನೋಡಿದ್ದೇನೆ.

ಒಂದು ಸಲಕ್ಕೆ ಒಂದೇ ವಸ್ತು ಹೊರಗೆ ಬರಬೇಕು. ಅದರಲ್ಲಿ ಮನಸ್ಸು ಹೋಗುವುದು ನಿಂತು, ಕೈಯಿಂದ ಬಿಸಾಡುವ ಮೊದಲೇ ಅದನ್ನು ಒಳಗಿಟ್ಟು ಮುಂದಿನದನ್ನು ತೆಗೆಯಬೇಕು. ಈ ಕ್ಷಣವನ್ನು ಗುರುತಿಸುವುದೇ ಕಸುಬು. ಪುಟ್ಟನದು ಸುಮಾರು ಐದು ನಿಮಿಷ. ನಿಮ್ಮ ಮಗುವಿನದು ಎಷ್ಟೆಂದು ಗಡಿಯಾರ ನೋಡಿ ತಿಳಿದುಕೊಳ್ಳಿ.

ತಿನ್ನುವುದಕ್ಕೆ ಕಡ್ಲೆಪುರಿಯನ್ನು ಮೀರಿಸಿದ್ದು ಇಲ್ಲ. ಕಿರಿದಾದ ಬಾಯಿಯ ಸ್ಟೀಲ್ ಡಬ್ಬಿಯಲ್ಲಿ ಒಂದು ಬೊಗಸೆ ಹಾಕಿ ಕೊಡಿ. ಪುಟ್ಟ ಬೆರಳುಗಳು ಒಂದೊಂದನ್ನೇ ಹೆಕ್ಕಿ, ಅದನ್ನು ತಿರುಗಿಸಿ ನೋಡಿ, ಬಾಯಿಗಿಟ್ಟುಕೊಳ್ಳುವ ವೇಗದಲ್ಲಿ ಒಂದು ಬೊಗಸೆ ಅರ್ಧ ಗಂಟೆ ಬರುತ್ತದೆ, ಹೊಟ್ಟೆಯೂ ಕೆಡುವುದಿಲ್ಲ. ಆದರೆ ಅದರೊಳಗಿನ ಹುರಿಗಡಲೆ, ಕಡಲೆಕಾಯಿ ಬೀಜಗಳನ್ನು ಮನೆಯಲ್ಲೇ ಆರಿಸಿ ತೆಗೆದಿರಬೇಕು. ಇಡೀ ಬೀಜ ಈ ವಯಸ್ಸಿನ ಮಕ್ಕಳ ಉಸಿರುನಾಳಕ್ಕೆ ಇಳಿದು ಪ್ರಾಣಕ್ಕೆ ಸಂಚಕಾರ ತರಬಲ್ಲದು. ದ್ರಾಕ್ಷಿಯಾದರೆ ಉದ್ದಕ್ಕೆ ಸೀಳಿ. ಪುರಿಯನ್ನೂ ಕೂತು ಅಥವಾ ನಿಂತು ತಿನ್ನಲಿ, ಓಡುತ್ತ ಬೇಡ. ಜೊತೆಗೆ ನೀರು, ಒದ್ದೆ ಬಟ್ಟೆ, ಒಂದು ಜೊತೆ ಚಡ್ಡಿ.

ಸಾಲು ಸೇರಿದ ಮೇಲೆ

ಮೊದಲ ಕೆಲಸ ಮಗುವಿನ ಜೊತೆಯಲ್ಲ, ಮುಂದೆ ಹಿಂದೆ ನಿಂತವರ ಜೊತೆ. ‘ಅಮ್ಮಾ, ಕೂಸು ಚಿಕ್ಕದು, ನಡುನಡುವೆ ಒಂದು ಸುತ್ತು ಹಾಕಿಸಿಕೊಂಡು ಬರುತ್ತೇನೆ, ನನ್ನ ಜಾಗ ಸ್ವಲ್ಪ ನೋಡಿಕೊಳ್ಳಿ’ ಎಂದು ಮೊದಲೇ ಕೇಳಿಬಿಡಿ. ಹೇಳದೆ ಹೋಗಿ ಬಂದು ನುಗ್ಗಿದರೆ ಜಗಳ, ಹೇಳಿ ಹೋದರೆ ಅವರೇ ‘ಬನ್ನಿ ಬನ್ನಿ’ ಎನ್ನುತ್ತಾರೆ. ಕೌಂಟರಿನ ಒಳಗಿಂದ ಈ ಎರಡನ್ನೂ ಸಾವಿರ ಸಲ ನೋಡಿದ್ದೇನೆ. ಇಬ್ಬರು ದೊಡ್ಡವರಿದ್ದರೆ ಒಬ್ಬರು ಸಾಲಿನಲ್ಲಿ, ಒಬ್ಬರು ಮಗುವಿನ ಹಿಂದೆ, ಆಮೇಲೆ ಅದಲುಬದಲು. ಒಬ್ಬರೇ ಇದ್ದಾಗ ನೆರೆಯವರೇ ನೆಂಟರು.

ಸಾಲು ಮುಂದೆ ಸರಿಯುವುದನ್ನೇ ಆಟವಾಗಿಸಿ. ನಮ್ಮಲ್ಲಿ ಅದು ರೈಲು. ಪುಟ್ಟ ಎಂಜಿನ್, ನಾನು ಬೋಗಿ. ಮುಂದಿನವರು ಒಂದು ಹೆಜ್ಜೆ ಇಟ್ಟಾಗ ಹಸಿರು ದೀಪ, ನಿಂತಾಗ ಕೆಂಪು. ಎಂಜಿನ್ ಚಾಲಕನಿಗೆ ಅಳಲು ಪುರುಸೊತ್ತಿರುವುದಿಲ್ಲ, ಮುಂದಿನವರ ಕಾಲನ್ನೇ ನೋಡುತ್ತಿರಬೇಕು. ಚೀಟಿಯನ್ನೋ ಟೋಕನ್ನನ್ನೋ ಹಿಡಿಯುವ ಜವಾಬ್ದಾರಿಯನ್ನೂ ಕೊಡಬಹುದು, ಆದರೆ ಅಸಲು ನಿಮ್ಮ ಜೇಬಿನಲ್ಲಿರಲಿ, ಅವನ ಕೈಗೆ ಹಳೆಯ ಬಸ್ ಟಿಕೆಟ್. ಇದು ಅನುಭವದ ಮಾತು: ಒಮ್ಮೆ 47ನೆಯ ನಂಬರಿನ ಟೋಕನ್ ನಮ್ಮ ಚಾಲಕರ ಹೊಟ್ಟೆ ಸೇರುವುದರಲ್ಲಿತ್ತು.

ಸಾಲು ಹದಿನೈದು ಇಪ್ಪತ್ತು ನಿಮಿಷ ಅಲುಗಾಡದೆ ನಿಂತುಬಿಟ್ಟಾಗ ಬೇಕಾಗುವುದು ಅಂಗೈ ಆಟ. ಮಗುವಿನ ಅಂಗೈ ಬಿಡಿಸಿ, ತೋರುಬೆರಳಿನಿಂದ ದುಂಡಗೆ ತಿರುವುತ್ತ ಅನ್ನ ಹಾಕಿ, ಸಾರು ಹಾಕಿ, ತುಪ್ಪ ಹಾಕಿ ಕಲಸುವುದು. ಹೆಬ್ಬೆರಳಿಗೊಂದು ತುತ್ತು, ತೋರುಬೆರಳಿಗೊಂದು ತುತ್ತು, ಹೀಗೆ ಸಾಗಿ ಕಿರುಬೆರಳಿಗೆ ಬರುವ ಹೊತ್ತಿಗೆ ಪಾತ್ರೆ ಖಾಲಿ. ಪಾಪ, ಅದು ಮುನಿಸಿಕೊಂಡು ಬೆಂಗಳೂರಿನ ಚಿಕ್ಕಮ್ಮನ ಮನೆಗೆ ಹೊರಡುತ್ತದೆ. ನಿಮ್ಮ ಎರಡು ಬೆರಳು ಮಗುವಿನ ಕೈ ಮೇಲೆ ನಡೆಯಲಿ. ಎಲ್ಲರೂ ಇಲ್ಲಿ ಅವಸರ ಮಾಡಿ ನೇರ ಕಂಕುಳಿಗೆ ಹೋಗಿ ಕಚಗುಳಿಯಿಟ್ಟು ಮುಗಿಸಿಬಿಡುತ್ತಾರೆ. ಬೇಡ. ಮಣಿಕಟ್ಟಿನಲ್ಲಿ ಶ್ರೀರಂಗಪಟ್ಟಣ ಬಂತು, ಸೇತುವೆ ದಾಟಬೇಕು. ಮುಂಗೈ ನಡುವೆ ಮಂಡ್ಯ, ಕಬ್ಬಿನ ಗಾಡಿ ಅಡ್ಡ ಬಂದಿದೆ, ನಿಲ್ಲಿ. ಮೊಣಕೈ ಮಡಿಕೆಯಲ್ಲಿ ಮದ್ದೂರು, ವಡೆ ತಿನ್ನದೆ ಮುಂದೆ ಹೋಗುವಂತಿಲ್ಲ. ತೋಳಿನಲ್ಲಿ ಚನ್ನಪಟ್ಟಣ, ಒಂದು ಗೊಂಬೆ ಕೊಳ್ಳಬೇಕು. ಭುಜದಲ್ಲಿ ರಾಮನಗರ. ಆಮೇಲೆ ಕಂಕುಳಲ್ಲಿ ಬೆಂಗಳೂರು! ಮಗು ಕಚಗುಳಿಗಿಂತ ಅದರ ನಿರೀಕ್ಷೆಗೇ ಹೆಚ್ಚು ನಗುತ್ತದೆ. ಮದ್ದೂರಿಗೆ ಬರುವಷ್ಟರಲ್ಲೇ ಪುಟ್ಟ ಭುಜ ಎತ್ತಿ ಕಂಕುಳು ಮುಚ್ಚಿಕೊಂಡಿರುತ್ತಾನೆ. ವಾಪಸು ಬರಲು ಇನ್ನೊಂದು ಕೈ ಇದ್ದೇ ಇದೆ.

ನಿಂತು ಬೇಸರವಾದಾಗ ಎತ್ತರ ಬದಲಿಸಿ. ನೆಲದಲ್ಲಿ ನಿಂತ ಮಗುವಿಗೆ ಸಾಲಿನಲ್ಲಿ ಕಾಣುವುದು ಮೊಣಕಾಲು ಮತ್ತು ಸೀರೆಯ ಅಂಚು ಮಾತ್ರ. ಸೊಂಟದ ಮೇಲೆ ಸ್ವಲ್ಪ ಹೊತ್ತು, ಉಪ್ಪುಮೂಟೆ ಸ್ವಲ್ಪ ಹೊತ್ತು, ಮತ್ತೆ ನೆಲ. ಹೆಗಲ ಮೇಲೆ ಕೂರಿಸಿಕೊಂಡವರು ದೇವಸ್ಥಾನದ ಬಾಗಿಲ ಮೇಲುಗಡೆಯನ್ನೂ ತೂಗುವ ಗಂಟೆಯನ್ನೂ ಮರೆಯಬಾರದು. ತಳ್ಳುಗಾಡಿ ಇರುವವರಿಗೆ ಒಂದು ಮಾತು: ಈ ವಯಸ್ಸಿನ ಮಕ್ಕಳನ್ನು ಗಾಡಿಯಲ್ಲಾಗಲಿ ಬೆನ್ನಿಗಾಗಲಿ ಒಂದೇ ಸಮನೆ ಒಂದು ಗಂಟೆಗಿಂತ ಹೆಚ್ಚು ಕಟ್ಟಿಹಾಕಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ.

ಆಯಾ ಜಾಗದ ಕಿವಿಮಾತು

ಚಾಮುಂಡಿ ಬೆಟ್ಟದಲ್ಲಿ ಚೀಲದಿಂದ ಬಾಳೆಹಣ್ಣು ಹೊರತೆಗೆಯಬೇಡಿ. ಕೋತಿಗಳು ಮಗುವಿನ ಕೈಯಿಂದಲೇ ಕಸಿಯುತ್ತವೆ, ಆ ಹೆದರಿಕೆ ಒಂದು ವಾರ ಇಳಿಯುವುದಿಲ್ಲ. ಅಲ್ಲಿ ಪುರಿ ಡಬ್ಬಿಯೂ ಮುಚ್ಚಿಯೇ ಇರಲಿ, ಚಾವಣಿಯ ಕೆಳಗೆ ಬಂದ ಮೇಲೆ ತೆರೆಯಿರಿ. ಗೋಪುರದ ಅಂತಸ್ತುಗಳನ್ನು ಎಣಿಸಿ, ಏಳಿವೆ; ಎರಡೂವರೆ ವರ್ಷದವನು ಒಂದು, ಎರಡು, ಹತ್ತು ಎಂದು ಎಣಿಸಿದರೂ ಯಾರ ಅಭ್ಯಂತರವೂ ಇಲ್ಲ. ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಹಾವು ಹಿಡಿದ ಮಹಿಷಾಸುರನನ್ನು ಕೆಲವು ಮಕ್ಕಳು ಮೆಚ್ಚುತ್ತವೆ, ಕೆಲವು ಕಿಟಾರನೆ ಕಿರುಚುತ್ತವೆ. ದೂರದಿಂದ ತೋರಿಸಿ ನೋಡಿ.

ಅರಮನೆಯಲ್ಲಿ ಚಪ್ಪಲಿ ಬಿಡಬೇಕಾದ್ದರಿಂದ ಕಾಲುಚೀಲ ತನ್ನಿ, ಮಧ್ಯಾಹ್ನದ ಕಲ್ಲು ಪುಟ್ಟ ಅಂಗಾಲಿಗೆ ಬಾಣಲೆ. ಒಳಗೆ ಹೋದ ಮೇಲೆ ಚಿಂತೆಯಿಲ್ಲ. ದಸರಾ ಮೆರವಣಿಗೆಯ ಚಿತ್ರಗಳಲ್ಲಿ ಆನೆ ಹುಡುಕುವುದು, ಕಲ್ಯಾಣಮಂಟಪದಲ್ಲಿ ತಲೆಯೆತ್ತಿ ಬಣ್ಣದ ಗಾಜಿನ ನವಿಲು ಹುಡುಕುವುದು, ಇವೆರಡರಲ್ಲೇ ಸಾಲು ಕರಗಿಹೋಗುತ್ತದೆ.

ಜಂಬೂಸವಾರಿಗೆ ಈ ವಯಸ್ಸಿನ ಮಗುವನ್ನು ಕರೆದೊಯ್ಯಬೇಡಿ ಎನ್ನುವವನು ನಾನು. ಬೆಳಿಗ್ಗೆಯೇ ಬಂದು ಸಯ್ಯಾಜಿರಾವ್ ರಸ್ತೆಯ ಬದಿಯಲ್ಲಿ ಜಾಗ ಹಿಡಿದು, ಮಧ್ಯಾಹ್ನ ಕಳೆದ ಮೇಲೆ ಬರುವ 750 ಕೆ.ಜಿ. ಅಂಬಾರಿಗಾಗಿ ಬಿಸಿಲಿನಲ್ಲಿ ಕೂರುವುದು ದೊಡ್ಡವರ ಭಕ್ತಿ. ದಸರೆಗೆ ಕೆಲವು ವಾರ ಮೊದಲು ಅದೇ ಆನೆಗಳು ಅರಮನೆಯಿಂದ ಬನ್ನಿಮಂಟಪದವರೆಗೆ ತಾಲೀಮು ನಡೆಯುತ್ತವೆ. ರಸ್ತೆಬದಿಯಲ್ಲಿ ನಿಂತರೆ ಸಾಲಿಲ್ಲ, ನೂಕುನುಗ್ಗಲಿಲ್ಲ, ಆನೆ ಮಾತ್ರ ಅಷ್ಟೇ ದೊಡ್ಡದು.

ಆಸ್ಪತ್ರೆಯಲ್ಲಿ ಬೇರೆ ಮಕ್ಕಳ ಆಟಿಕೆ ಹಂಚಿಕೊಳ್ಳುವುದು ಬೇಡ, ನೆಲದ ಮೇಲೆ ಬಿಡುವುದೂ ಬೇಡ. ‘ಚುಚ್ಚುವುದಿಲ್ಲ’ ಎಂದು ಸುಳ್ಳು ಹೇಳಬೇಡಿ. ಮುಂದಿನ ಲಸಿಕೆಯ ದಿನ ಗೇಟಿನಲ್ಲೇ ಲೆಕ್ಕ ತೀರಿಸುತ್ತಾನೆ. ಪೊಲೀಸ್, ಗುಮ್ಮ, ಡಾಕ್ಟರು ಎಂದು ಹೆದರಿಸುವುದನ್ನಂತೂ ನಮ್ಮ ತಲೆಮಾರಿಗೇ ಬಿಟ್ಟುಬಿಡಿ.

ಎಲ್ಲ ಗುಂಪಿಗೂ ಅನ್ವಯಿಸುವ ಒಂದು ಎಚ್ಚರಿಕೆ: ಹೊರಡುವಾಗ ಆ ದಿನದ ಬಟ್ಟೆಯಲ್ಲೇ ಮಗುವಿನ ಒಂದು ಫೋಟೊ ತೆಗೆದಿಟ್ಟುಕೊಳ್ಳಿ, ನಿಮ್ಮ ಫೋನ್ ನಂಬರಿನ ಚೀಟಿ ಅವನ ಜೇಬಿನಲ್ಲಿರಲಿ. ನಮ್ಮ ಮನೆಯವಳು ಕಾಲಿಗೆ ಗೆಜ್ಜೆ ಕಟ್ಟುತ್ತಾಳೆ. ಕಣ್ಣು ತಪ್ಪಿದರೂ ಕಿವಿ ತಪ್ಪುವುದಿಲ್ಲ.

ಮೊಬೈಲ್ ಕೊಡಬಹುದೇ?

ಎರಡು ವರ್ಷ ತುಂಬುವವರೆಗೆ ಪರದೆ ಬೇಡ, ಆಮೇಲೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ನನ್ನ ಆಕ್ಷೇಪ ಬೇರೆ: ಕೌಂಟರಿನ ಹತ್ತಿರ ಬಂದಾಗ ಮೊಬೈಲ್ ಕಿತ್ತುಕೊಳ್ಳಬೇಕಾಗುತ್ತದೆ, ಕಾಗದಪತ್ರ ತೋರಿಸುವ ಆ ಎರಡು ನಿಮಿಷದಲ್ಲೇ ರಂಪ ಏಳುತ್ತದೆ. ಕೊಡಲೇಬೇಕಾದರೆ ಮನೆಯವರ ಹಳೆಯ ಫೋಟೊಗಳನ್ನು ತೋರಿಸಿ, ‘ಇದು ಯಾರು?’ ಎಂದು ಕೇಳುತ್ತ ಹೋಗಿ.

ರಚ್ಚೆ ಹಿಡಿದರೆ

ಹಿಡಿಯುತ್ತದೆ. ಬಯ್ಯಬೇಡಿ, ಸುತ್ತಲಿನವರ ಉಪದೇಶಕ್ಕೆ ಉತ್ತರಿಸಬೇಡಿ. ಎತ್ತಿಕೊಂಡು ಗಾಳಿ ಇರುವ ಕಡೆ ನಡೆಯಿರಿ, ಮುಖಕ್ಕೆ ತಣ್ಣೀರು ಹಚ್ಚಿ, ಮಾತು ಕಡಿಮೆ ಮಾಡಿ. ಐದು ನಿಮಿಷದಲ್ಲಿ ಇಳಿಯಿತೋ, ಸಾಲಿಗೆ ಮರಳಿ. ಇಳಿಯದಿದ್ದರೆ ಆ ದಿನಕ್ಕೆ ಸಾಲು ಬಿಟ್ಟುಬಿಡಿ.

ಬಿಟ್ಟುಬಿಡುವುದು ಸುಲಭವಲ್ಲ ಎಂದು ಗೊತ್ತು. ಕಳೆದ ಆಷಾಢದ ಒಂದು ಶುಕ್ರವಾರ ಬೆಟ್ಟದಲ್ಲಿ ಎರಡು ಗಂಟೆ ನಿಂತಿದ್ದೆವು, ಮುಂದೆ ಇನ್ನು ನೂರು ಜನ ಇದ್ದಿರಬೇಕು. ಕ್ಲಿಪ್ ಮುಗಿದಿತ್ತು, ಮರದ ಆನೆ ಮುಗಿದಿತ್ತು, ಬೆಂಗಳೂರಿಗೆ ನಾಲ್ಕು ಸಲ ಹೋಗಿ ಬಂದಾಗಿತ್ತು. ಪುಟ್ಟ ನೆಲಕ್ಕೆ ಬಿದ್ದು ಹೊರಳತೊಡಗಿದ. ‘ಇಷ್ಟು ಹೊತ್ತು ನಿಂತು ಹೋಗುವುದೇ?’ ಎಂದು ನನ್ನೊಳಗಿನ ಬ್ಯಾಂಕಿನವನು ನಷ್ಟದ ಲೆಕ್ಕ ಹಾಕುತ್ತಿದ್ದ. ನನ್ನವಳು ಮಗುವನ್ನು ಎತ್ತಿಕೊಂಡಳು, ಗೋಪುರಕ್ಕೆ ಕೈಮುಗಿದಳು, ‘ತಾಯಿಗೆ ಗೊತ್ತಾಗುತ್ತದೆ, ಅವಳೂ ಹೆತ್ತವಳೇ’ ಎಂದು ಸಾಲಿನ ಹಗ್ಗದಡಿ ನುಸುಳಿ ಹೊರಗೆ ಬಂದಳು. ಬಸ್ಸು ಬೆಟ್ಟ ಇಳಿಯುವಷ್ಟರಲ್ಲಿ ಅವನಿಗೆ ನಿದ್ದೆ.

ಆಷಾಢ ಮುಗಿದ ಮೇಲೆ ಒಂದು ಬುಧವಾರ ಬೆಳಿಗ್ಗೆ ಮತ್ತೆ ಹೋದೆವು. ಜನವೇ ಇರಲಿಲ್ಲ, ನೇರ ಒಳಗೆ ನಡೆದು, ಕಣ್ತುಂಬ ನೋಡಿ, ಕುಂಕುಮ ಹಚ್ಚಿಕೊಂಡು ಹೊರಬಂದೆವು. ಪುಟ್ಟ ಮಾತ್ರ ಮುಖ ಸಿಂಡರಿಸಿಕೊಂಡು ನನ್ನ ಕೈಚೀಲ ಜಗ್ಗುತ್ತಿದ್ದ.

‘ತಾತ, ಸಾಲು ಎಲ್ಲಿ? ಪುರಿ ಕೊಡು.’